ಕಾಲೇಜ್ ಫುಟ್‌ಬಾಲ್ 26: ಹೆಡ್ ಕೋಚ್ ಬಿಡಿ, ಅಸಿಸ್ಟೆಂಟ್ ಆಗಿ ಆಡಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು ಗುದ್ದಾಡುವ ಅಮೆರಿಕದ ಫುಟ್‌ಬಾಲ್. ಅದರಲ್ಲೂ ಕಾಲೇಜ್ ಹುಡುಗರ ಆಟ. ಅಮೆರಿಕದಲ್ಲಿ ಒಂದಿಷ್ಟು ವರ್ಷ ಇದ್ದ ಕನ್ನಡದವರಿಗೆ ಇದರ ಹುಚ್ಚು ಎಂಥದ್ದು ಅಂತ ಗೊತ್ತು. ಮಗಳಿಗೆ ಓಹೈಯೊ ಸ್ಟೇಟ್‌ನಲ್ಲೋ ಟೆಕ್ಸಾಸ್‌ನಲ್ಲೋ ಸೀಟು ಸಿಕ್ಕ ಮೇಲಂತೂ ಮನೆಮಂದಿಯೆಲ್ಲ ಶನಿವಾರ ಅದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ, ನಿಯಮ ಅರ್ಧ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಈ ಆಟದ ವಿಡಿಯೋ ಗೇಮ್ ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್. 2013ರಲ್ಲಿ ಹಳೆಯ ಸರಣಿಯ ಕೊನೆಯ ಗೇಮ್ ಬಂದಿತ್ತು. ಆಮೇಲೆ ಹನ್ನೊಂದು ವರ್ಷ ಏನೂ ಇಲ್ಲ. ಯುಸಿಎಲ್‌ಎ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ ಎಡ್ ಒಬ್ಯಾನನ್ ಅನ್ನೋರು, ನಮ್ಮ ಮುಖ, ನಮ್ಮ ಮೈಕಟ್ಟು ಬಳಸಿಕೊಂಡು ದುಡ್ಡು ಮಾಡುತ್ತೀರಿ, ನಮಗೆ ಒಂದು ಪೈಸೆ ಇಲ್ಲ ಅಂತ ಕೋರ್ಟಿಗೆ ಹೋಗಿದ್ದರು. ಅದರ ಪರಿಣಾಮ ಇದು. 2021ರಲ್ಲಿ ಕಾಲೇಜ್ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಅಂತ ಆದ ಮೇಲೆ ದಾರಿ ತೆರೆಯಿತು. 2024ರ ಜುಲೈನಲ್ಲಿ 'ಕಾಲೇಜ್ ಫುಟ್‌ಬಾಲ್ 25' ಬಂತು, ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಗೇಮಿನ ಒಂದು ಪ್ರತಿ ಕೊಟ್ಟರು. ಮರುವರ್ಷ ಜುಲೈ 10ಕ್ಕೆ 26 ಬಂತು. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗಳಲ್ಲಿ ಮಾತ್ರ. ಕಂಪ್ಯೂಟರ್‌ನಲ್ಲಿ ಆಡೋರಿಗೆ ಇಲ್ಲ, ಸುಮ್ನೆ ಹುಡುಕಬೇಡಿ.

ಗ್ರಾಫಿಕ್ಸ್ ಹೇಗಿದೆ, ಓಟ ಹೇಗಿದೆ ಅನ್ನೋದನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯುತ್ತಿರುವುದು ಡೈನಸ್ಟಿ ಅನ್ನೋ ಒಂದೇ ಮೋಡ್ ಬಗ್ಗೆ. ಅದರಲ್ಲೂ ಒಂದು ಮೂಲೆಯ ಬಗ್ಗೆ. ಡೈನಸ್ಟಿಯಲ್ಲಿ ನೀವು ಆಟಗಾರ ಅಲ್ಲ, ಕೋಚ್. ಶುರುವಿನಲ್ಲೇ ಕೇಳುತ್ತದೆ: ಹೆಡ್ ಕೋಚ್ ಆಗ್ತೀರಾ, ಅಫೆನ್ಸ್ (ಅಂಕ ಗಳಿಸುವ ಪಡೆ) ಕೋಆರ್ಡಿನೇಟರ್ ಆಗ್ತೀರಾ, ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಪಡೆ) ಕೋಆರ್ಡಿನೇಟರ್ ಆಗ್ತೀರಾ? ಜನ ಹೆಚ್ಚಾಗಿ ಮೊದಲನೆಯದನ್ನೇ ಒತ್ತುತ್ತಾರೆ. ನಾನು ಎರಡನೆಯದನ್ನು ಒತ್ತಿದೆ. ವಯಸ್ಸು ಚಿಕ್ಕದು, ಬುದ್ಧಿ ಚುರುಕು, ಕೈಯಲ್ಲಿ ಅಧಿಕಾರ ಇಲ್ಲ. ಅಂಥ ಒಬ್ಬ ಅಸಿಸ್ಟೆಂಟ್ ಕೋಚ್‌ನ ಮುಂದಿನ ದಾರಿ ಏನು ಅಂತ ಈ ಗೇಮಿಗೆ ಎಷ್ಟರ ಮಟ್ಟಿಗೆ ಗೊತ್ತು ಅಂತ ನೋಡಬೇಕಿತ್ತು.

ಕೋಆರ್ಡಿನೇಟರ್ ಅಂದರೆ ಏನು ಅಂತ ಕ್ರಿಕೆಟ್ ಗೊತ್ತಿರುವವರಿಗೆ ಹೀಗೆ ಹೇಳಬಹುದು. ರಣಜಿ ತಂಡಕ್ಕೆ ಬ್ಯಾಟಿಂಗ್ ಕೋಚ್ ಇರುತ್ತಾರಲ್ಲ, ಅವರಿಗೆ ಪ್ರತಿ ಬಾಲ್‌ಗೆ ಮೊದಲು ಬ್ಯಾಟ್ಸ್‌ಮನ್ ಯಾವ ಶಾಟ್ ಹೊಡೆಯಬೇಕು ಅಂತ ಹೇಳುವ ಅಧಿಕಾರ ಕೊಟ್ಟರೆ ಹೇಗೆ, ಹಾಗೆ. ತಂಡ 40 ಅಂಕ ಗಳಿಸಿದರೆ ಹೊಗಳಿಕೆ ಇವರಿಗೆ, 10 ಗಳಿಸಿದರೆ ಸೋಮವಾರ ಇಡೀ ಊರು ಬೈಯುವುದೂ ಇವರನ್ನೇ. ಆದರೆ ಕೆಲಸ ಉಳಿಯುವುದು, ಹೋಗುವುದು ಹೆಡ್ ಕೋಚ್ ಮೇಲೆ ನಿಂತಿರುತ್ತದೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಗೇಮ್ ಎಡವುವುದು ಅಲ್ಲೇ.

ನಾನು ಆರಿಸಿಕೊಂಡಿದ್ದು ಕೆಂಟ್ ಸ್ಟೇಟ್. ಓಹೈಯೊದ ಸಣ್ಣ ತಂಡ. 2024ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತ ತಂಡ. ಇನ್ನು ಕೆಳಗೆ ಬೀಳಲು ಜಾಗ ಇಲ್ಲ, ಹಾಗಾಗಿ ಆರಿಸಿದೆ. ಇನ್ನೊಂದು ಕಾರಣವೂ ಇದೆ. ಅಲಬಾಮಾದಲ್ಲಿ ಹೆಡ್ ಕೋಚ್ ಆಗಿದ್ದ ನಿಕ್ ಸೇಬನ್, ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು, 1973ರಲ್ಲಿ ಕೋಚಿಂಗ್ ಶುರು ಮಾಡಿದ್ದು ಇಲ್ಲೇ, ಗ್ರಾಜುಯೇಟ್ ಅಸಿಸ್ಟೆಂಟ್ (ಓದುತ್ತಲೇ ಕೆಲಸ ಮಾಡುವ ಕಿರಿಯ ಸಹಾಯಕ) ಆಗಿ. ಅವರಿಗೆ ಆಗ ಕೋಚ್ ಆಗುವ ಆಸೆಯೇ ಇರಲಿಲ್ಲ. ಹೆಂಡತಿಯ ಓದು ಇನ್ನೊಂದು ವರ್ಷ ಬಾಕಿ ಇತ್ತು, ಅಲ್ಲೇ ಇರಬೇಕಿತ್ತು, ಹೆಡ್ ಕೋಚ್ ಡಾನ್ ಜೇಮ್ಸ್ ಕರೆದರು, ಹೋದರು. ನನ್ನ ಕೋಚ್‌ಗೆ ಗೌಡ ಅಂತ ಹೆಸರಿಟ್ಟೆ. ಕೆಂಟ್ ಸ್ಟೇಟ್‌ನ ಚಿನ್ನ, ನೀಲಿ ಬಣ್ಣದ ಮಧ್ಯೆ ಕೋಚ್ ಗೌಡ ಅಂತ ಬರುವುದನ್ನು ನೋಡಿದರೆ ಏನೋ ಖುಷಿ, ಸುಳ್ಳು ಯಾಕೆ ಹೇಳಲಿ.

ಶುರುವಿನಲ್ಲಿ ಕೋಚ್‌ನ ಸ್ವಭಾವ ಆರಿಸಬೇಕು. ಹುಡುಗರನ್ನು ಹುರಿದುಂಬಿಸುವವನು, ಹೊಸ ಹುಡುಗರನ್ನು ಕರೆತರುವವನು, ಆಟದ ತಂತ್ರ ಬಲ್ಲವನು, ಹೀಗೆ ಮೂರು ದಾರಿ. ಸಣ್ಣ ತಂಡ ಹಿಡಿದರೆ ಎರಡನೆಯದನ್ನೇ ತಗೊಳ್ಳಿ. ತಂತ್ರ ನಿಮ್ಮ ಕೈಯಲ್ಲೇ ಇದೆ, ಕಂಟ್ರೋಲರ್ ಹಿಡಿದಿರುವವರು ನೀವೇ. ಒಳ್ಳೆಯ ಹುಡುಗರು ಮಾತ್ರ ಸುಮ್ನೆ ಬರುವುದಿಲ್ಲ.

ಈ ಮೋಡ್‌ನ ಜೀವಾಳ ಇರುವುದು ಆ ಹುಡುಗರನ್ನು ಕರೆತರುವ ಕೆಲಸದಲ್ಲಿ, ಅಂದರೆ ರಿಕ್ರೂಟಿಂಗ್‌ನಲ್ಲಿ. ನಿಮ್ಮ ಪಟ್ಟಿಯಲ್ಲಿ 35 ಹೈಸ್ಕೂಲ್ ಹುಡುಗರನ್ನು ಇಟ್ಟುಕೊಳ್ಳಬಹುದು. ವಾರಕ್ಕೆ ಇಂತಿಷ್ಟು ಗಂಟೆ ಅಂತ ಕೊಡುತ್ತಾರೆ, ಅದನ್ನು ಹಂಚಬೇಕು. ಅವನ ಸೋಶಿಯಲ್ ಮೀಡಿಯಾ ನೋಡುವುದಕ್ಕೆ ಸ್ವಲ್ಪ ಗಂಟೆ ಸಾಕು. ನೇರ ಮೆಸೇಜ್ ಹಾಕಲು ಅದಕ್ಕಿಂತ ಜಾಸ್ತಿ, ಮನೆಯವರ ಹತ್ತಿರ ಮಾತಾಡಲು ಇನ್ನೂ ಜಾಸ್ತಿ. ಎಲ್ಲ ಬಿಟ್ಟು ಒಬ್ಬನ ಹಿಂದೆಯೇ ಬೀಳುತ್ತೇನೆ ಅಂದರೆ ಒಂದೇ ಏಟಿಗೆ 50 ಗಂಟೆ ಹೋಗುತ್ತದೆ. ಪ್ರತಿ ಹುಡುಗನಿಗೂ ಒಂದೊಂದು ಆಸೆ. ಒಬ್ಬನಿಗೆ ಮೊದಲ ವರ್ಷವೇ ಆಡಬೇಕು. ಇನ್ನೊಬ್ಬನಿಗೆ ಮನೆ ಹತ್ತಿರ ಇರಬೇಕು. ಮತ್ತೊಬ್ಬನಿಗೆ ಟಿವಿಯಲ್ಲಿ ಬರಬೇಕು, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರಬೇಕು. ಇವೆಲ್ಲದರಲ್ಲೂ ನಿಮ್ಮ ಕಾಲೇಜಿಗೆ ಗ್ರೇಡ್ ಇದೆ. ಅದರಲ್ಲಿ ಒಂದು ಗ್ರೇಡ್ ನನಗೆ ತುಂಬಾ ಇಷ್ಟವಾಯಿತು: ಈ ಕೋಚ್ ಇಲ್ಲೇ ಉಳಿಯುತ್ತಾನಾ ಅಂತ. ಕೋಚ್ ಬಿಟ್ಟು ಹೋಗಬಹುದು, ಅಥವಾ ಕೆಲಸ ಕಳೆದುಕೊಳ್ಳಬಹುದು ಅನ್ನಿಸಿದರೆ ಹುಡುಗರು ಬರಲ್ಲ. ಗೇಮ್ ಮಾಡಿದವರು ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುವುದು ಇಂಥ ಕಡೆ.

ನಮ್ಮ ಮನೆಯಾಕೆಯ ಪ್ರಕಾರ ಇದು ಗೇಮ್ ಅಲ್ಲ, ಸಂಬಳ ಇಲ್ಲದ ಇನ್ನೊಂದು ಆಫೀಸ್ ಕೆಲಸ. ರಾತ್ರಿ ಹನ್ನೊಂದಕ್ಕೆ ಟಿವಿ ತುಂಬ ಪಟ್ಟಿ, ಅಂಕಿ, ಬಣ್ಣದ ಗೆರೆಗಳೇ. ಪಂದ್ಯ ಆಡುವುದಕ್ಕಿಂತ ಪಟ್ಟಿ ನೋಡುವುದೇ ಜಾಸ್ತಿ. ಅವಳ ಮಾತಲ್ಲಿ ತಪ್ಪಿಲ್ಲ. ಪಟ್ಟಿ ನೋಡುವುದು ಬೇಜಾರು ಅನ್ನಿಸಿದರೆ ಈ ಮೋಡ್ ನಿಮಗಲ್ಲ. ನಿಜವಾದ ಅಸಿಸ್ಟೆಂಟ್ ಕೋಚ್‌ಗಳ ಬದುಕೂ ಹೀಗೇ ಇರುತ್ತದೆ, ಹದಿನಾರು ವರ್ಷದ ಹುಡುಗರಿಗೆ ಮೆಸೇಜ್ ಹಾಕುತ್ತಾ, ಅವರ ಅಮ್ಮಂದಿರ ಹತ್ತಿರ ಫೋನಲ್ಲಿ ಮಾತಾಡುತ್ತಾ.

ಇನ್ನು ಪಂದ್ಯ. ಅಫೆನ್ಸ್ ನಿಮ್ಮದಾದರೆ ಅದನ್ನು ಆಡಿ, ಉಳಿದ ಹೊತ್ತನ್ನು ಬೇಗ ಓಡಿಸಿಬಿಡಿ. ಆಗಲೇ ಕೋಆರ್ಡಿನೇಟರ್‌ನ ಸಂಕಟ ಅರ್ಥವಾಗುವುದು. ನೀವು 35 ಅಂಕ ಹೊಡೆದು ಕೂತಿರುತ್ತೀರಿ, ಆ ಕಡೆ ನಿಮ್ಮ ಡಿಫೆನ್ಸ್ 42 ಕೊಟ್ಟಿರುತ್ತದೆ. ಕೂಗಾಡಿದರೆ ಕೇಳುವವರು ಯಾರೂ ಇಲ್ಲ. ದೊಡ್ಡ ತಂಡದ ಊರಿಗೆ ಹೋದಾಗ ಪ್ರೇಕ್ಷಕರ ಗಲಾಟೆಗೆ ಸ್ಕ್ರೀನ್ ನಡುಗುತ್ತದೆ, ಯಾರು ಎತ್ತ ಓಡಬೇಕು ಅಂತ ತೋರಿಸುವ ಗೆರೆಗಳೇ ಅಂಕುಡೊಂಕಾಗುತ್ತವೆ. ಅದು ಸೊಗಸಾಗಿದೆ.

ಸೀಸನ್ ಮುಗಿದ ಮೇಲೆ ಬೇರೆ ಕಾಲೇಜುಗಳಿಂದ ಕರೆ ಬರುತ್ತದೆ. ಇದಕ್ಕೆ ಕೋಚಿಂಗ್ ಕ್ಯಾರೊಸೆಲ್ ಅಂತಾರೆ. ಒಬ್ಬ ಹೆಡ್ ಕೋಚ್ ಕೆಲಸ ಹೋದರೆ ಇನ್ನೊಬ್ಬ ಅಲ್ಲಿಗೆ, ಅವನ ಜಾಗಕ್ಕೆ ಮತ್ತೊಬ್ಬ, ಹೀಗೆ ಇಡೀ ದೇಶ ತಿರುಗುತ್ತದೆ. ನಿಮ್ಮ ಗುರಿ ಮುಟ್ಟಿದಿರಾ ಇಲ್ಲವಾ ಅನ್ನೋದರ ಮೇಲೆ ಕೆಲಸದ ಭದ್ರತೆ ಏರುತ್ತದೆ, ಇಳಿಯುತ್ತದೆ. ಕೋಚ್ ಗೌಡನಿಗೆ ಕೆಲವು ಸೀಸನ್ ಆದ ಮೇಲೆ ಸ್ವಲ್ಪ ದೊಡ್ಡ ಕಾಲೇಜಿಂದ ಕೋಆರ್ಡಿನೇಟರ್ ಕೆಲಸವೂ, ಸಣ್ಣ ಕಾಲೇಜಿಂದ ಹೆಡ್ ಕೋಚ್ ಕೆಲಸವೂ ಒಟ್ಟಿಗೆ ಬಂದವು. ಕಾಫಿ ಆರುವ ತನಕ ಕೂತು ಯೋಚನೆ ಮಾಡಿದೆ. ದೊಡ್ಡ ಮನೆಯಲ್ಲಿ ಎರಡನೆಯವನಾಗಬೇಕಾ, ಸಣ್ಣ ಮನೆಯಲ್ಲಿ ಯಜಮಾನನಾಗಬೇಕಾ? ನಿಜ ಬದುಕಿನಲ್ಲೂ ಇವರೆಲ್ಲ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದೇ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಬೈಯುವ ಭಾಗ. ನನ್ನ ದೂರು ಒಂದೇ, ಆದರೆ ದೊಡ್ಡದು. ಈ ಗೇಮ್‌ನಲ್ಲಿ ಅಸಿಸ್ಟೆಂಟ್ ಕೋಚ್‌ಗೆ ಬಾಸ್ ಅನ್ನೋನೇ ಇಲ್ಲ. ಹೆಸರಿಗೆ ಒಬ್ಬ ಹೆಡ್ ಕೋಚ್ ಇರುತ್ತಾನೆ, ಅಷ್ಟೆ. ನಿಮ್ಮ ಹತ್ತಿರ ಅವನು ಒಂದು ಮಾತೂ ಆಡಲ್ಲ. ನಿಮ್ಮ ಪ್ಲೇ, ಅಂದರೆ ನೀವು ಹೂಡಿದ ತಂತ್ರ, ಇಷ್ಟವಾಗಲಿಲ್ಲ ಅನ್ನಲ್ಲ. ಹುಡುಗರನ್ನು ಕರೆತರುವ ಕೆಲಸವನ್ನೂ ನಿಮಗೇ ಬಿಡುತ್ತಾನೆ. ಅವನು ಬೇರೆ ಕಾಲೇಜಿಗೆ ಹೋಗುವಾಗ ನಿಮ್ಮನ್ನು ಜೊತೆಗೆ ಕರೆಯಲ್ಲ. ಹೆಡ್ ಕೋಚ್‌ನ ಕೆಲಸವನ್ನೇ ಮಾಡುತ್ತಾ ಕೋಆರ್ಡಿನೇಟರ್ ಅನ್ನೋ ಹೆಸರು ಹಾಕಿಕೊಂಡಿರುತ್ತೀರಿ, ಅಷ್ಟೇ ವ್ಯತ್ಯಾಸ.

ನಿಜದಲ್ಲಿ ಯುವ ಅಸಿಸ್ಟೆಂಟ್‌ನ ಭವಿಷ್ಯ ಅಂದರೆ ಮುಕ್ಕಾಲು ಪಾಲು ಅವನ ಬಾಸ್‌ನ ಭವಿಷ್ಯ. ಚಾರ್ಲಿ ವೈಸ್ ಜೂನಿಯರ್ ಅವರನ್ನೇ ನೋಡಿ. ಅವರ ಅಪ್ಪ ನೋಟರ್ ಡೇಮ್ ಕಾಲೇಜಿನ ಹೆಡ್ ಕೋಚ್ ಆಗಿದ್ದವರು. ಮಗ 24ನೇ ವಯಸ್ಸಿಗೇ ಫ್ಲೋರಿಡಾ ಅಟ್ಲಾಂಟಿಕ್‌ನಲ್ಲಿ ಅಫೆನ್ಸ್ ಕೋಆರ್ಡಿನೇಟರ್ ಆದರು. ಕರೆದದ್ದು ಅಲ್ಲಿನ ಹೆಡ್ ಕೋಚ್ ಲೇನ್ ಕಿಫಿನ್. ಆಮೇಲೆ ಕಿಫಿನ್ ಓಲ್ ಮಿಸ್‌ನಲ್ಲಿದ್ದಾಗ (ಮಿಸಿಸಿಪ್ಪಿ ಯೂನಿವರ್ಸಿಟಿ) 2022ರಲ್ಲಿ ಮತ್ತೆ ಕರೆದರು. 2025ರ ನವೆಂಬರ್ ಕೊನೆಗೆ, ಓಲ್ ಮಿಸ್ ಪ್ಲೇಆಫ್‌ಗೆ (ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳಿಗೆ) ಸಿದ್ಧವಾಗುತ್ತಿದ್ದಾಗ, ಕಿಫಿನ್ ಎಲ್‌ಎಸ್‌ಯುಗೆ, ಅಂದರೆ ಲೂಸಿಯಾನಾ ಸ್ಟೇಟ್‌ಗೆ, ಹೊರಟುಬಿಟ್ಟರು. ವೈಸ್ ಕೂಡ ಅವರ ಹಿಂದೆ ಹೊರಟರು. ಆದರೆ ಪ್ಲೇಆಫ್ ಆಡಿಸಲು ಮತ್ತೆ ಓಲ್ ಮಿಸ್‌ಗೇ ಬಂದು ಕೆಲಸ ಮಾಡಿದರು. ಬಿಟ್ಟು ಹೋಗುವ ಊರಿನ ಹುಡುಗರಿಗೆ ಅದೇ ಊರಿನ ಬಣ್ಣ ಹಾಕಿಕೊಂಡು ಪ್ಲೇ ಹೇಳಿಕೊಡಬೇಕು, ಸುತ್ತ ಇರುವವರೆಲ್ಲ ನೋಡುತ್ತಿರುತ್ತಾರೆ. ಇನ್ನು ಓಲ್ ಮಿಸ್‌ನಲ್ಲೇ ಡಿಫೆನ್ಸ್ ಕೋಆರ್ಡಿನೇಟರ್ ಆಗಿದ್ದ ಪೀಟ್ ಗೋಲ್ಡಿಂಗ್ ಅದೇ ಗಲಾಟೆಯಲ್ಲಿ ಹೆಡ್ ಕೋಚ್ ಆಗಿಬಿಟ್ಟರು. ಆಗಿ, ಜಾರ್ಜಿಯಾವನ್ನು ಸೋಲಿಸಿ ಸೆಮಿಫೈನಲ್‌ವರೆಗೂ ಹೋದರು. ಒಂದೇ ಘಟನೆ, ಇಬ್ಬರು ಅಸಿಸ್ಟೆಂಟ್‌ಗಳು, ಎರಡು ದಾರಿ. ಇಂಥದ್ದನ್ನು ಈ ಗೇಮ್ ನಿಮ್ಮ ಮುಂದೆ ತರಲ್ಲ.

ನಾನು ಆರಿಸಿಕೊಂಡ ಕೆಂಟ್ ಸ್ಟೇಟ್‌ನಲ್ಲೇ ಇನ್ನೂ ಒಳ್ಳೆಯ ಕಥೆ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಹೆಡ್ ಕೋಚ್ ಕೆಲಸ ಹೋಯಿತು. ಅಫೆನ್ಸ್ ಕೋಆರ್ಡಿನೇಟರ್ ಆಗಿದ್ದ ಮಾರ್ಕ್ ಕಾರ್ನಿಗೆ ಹಂಗಾಮಿಯಾಗಿ ಕೊಟ್ಟರು. (ಹೌದು, ಕೆನಡಾ ಪ್ರಧಾನಿಯ ಹೆಸರೇ. ಗೂಗಲ್ ಮಾಡಿದರೆ ಬ್ಯಾಂಕು, ಬಡ್ಡಿ ದರ ಎಲ್ಲ ಬರುತ್ತದೆ.) ಹನ್ನೆರಡೂ ಸೋತಿದ್ದ ತಂಡ ಆ ಸೀಸನ್‌ನಲ್ಲಿ ಐದು ಗೆದ್ದಿತು, ಸೀಸನ್ ಮುಗಿಯುವ ಮೊದಲೇ ಅವರನ್ನು ಕಾಯಂ ಮಾಡಿದರು. ಅವರೇನು ಅರ್ಜಿ ಹಾಕಿ ಕಾದಿರಲಿಲ್ಲ. ಬಾಸ್ ಹೋದಾಗ ಕೋಣೆಯಲ್ಲಿ ಇದ್ದವರು ಅವರು. ಹಂಗಾಮಿ ಕೋಚ್ ಆಗುವ ಈ ಬಾಗಿಲನ್ನು ಡೈನಸ್ಟಿಯಲ್ಲಿ ಒಂದು ಸಲವಾದರೂ ತೆರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಉಲ್ಟಾ ಕೂಡ ಆಗುತ್ತದೆ. ಜಿಮ್ ನೋಲ್ಸ್ ಯುವಕರಲ್ಲ, ಆದರೂ ಹೇಳಬೇಕು. 2025ರ ಜನವರಿಯಲ್ಲಿ ಓಹೈಯೊ ಸ್ಟೇಟ್ ಚಾಂಪಿಯನ್ ಆದಾಗ ಅದರ ಡಿಫೆನ್ಸ್ ಇವರದ್ದು. ಕೆಲವೇ ದಿನದಲ್ಲಿ ಪೆನ್ ಸ್ಟೇಟ್ ವರ್ಷಕ್ಕೆ ಸುಮಾರು 31 ಲಕ್ಷ ಡಾಲರ್ ಕೊಟ್ಟು ಕರೆಯಿತು. ಅಸಿಸ್ಟೆಂಟ್‌ಗೆ ಅಷ್ಟು! ಅಕ್ಟೋಬರ್ ಹೊತ್ತಿಗೆ, ಆರೇ ಪಂದ್ಯ ಆದ ಮೇಲೆ, ಅವರನ್ನು ಕರೆತಂದ ಹೆಡ್ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನೇ ತೆಗೆದುಹಾಕಿದರು. ಗೇಮ್‌ನಲ್ಲಿ ಭದ್ರತೆ ಅನ್ನೋದು ನಿಮ್ಮ ಸ್ವಂತ ಗುರಿಗಳ ಲೆಕ್ಕ. ನಿಜದಲ್ಲಿ ನಿಮ್ಮ ಲೆಕ್ಕ ಸರಿಯಾಗಿದ್ದರೂ ಮನೆ ಖಾಲಿ ಮಾಡಬೇಕಾಗುತ್ತದೆ, ಮಕ್ಕಳ ಸ್ಕೂಲ್ ಬದಲಾಗುತ್ತದೆ.

ಏಣಿಯ ಬಗ್ಗೆಯೂ ಒಂದು ಮಾತು. ಗೇಮ್‌ನಲ್ಲಿ ಏಣಿಗೆ ಎರಡೇ ಮೆಟ್ಟಿಲು, ಕೋಆರ್ಡಿನೇಟರ್ ಮತ್ತು ಹೆಡ್ ಕೋಚ್. ಆದರೆ ಕೋಆರ್ಡಿನೇಟರ್ ಆಗುವುದೇ ಒಂದು ಯುಗ. ಅದಕ್ಕೂ ಕೆಳಗೆ ಬರೀ ಕ್ವಾರ್ಟರ್‌ಬ್ಯಾಕ್‌ಗೆ (ಅಫೆನ್ಸ್ ನಡೆಸುವ, ಚೆಂಡು ಎಸೆಯುವ ಆಟಗಾರ), ಬರೀ ಲೈನ್‌ಬ್ಯಾಕರ್‌ಗಳಿಗೆ (ಡಿಫೆನ್ಸ್ ಆಟಗಾರರು) ಕಲಿಸುವ ಕೋಚ್‌ಗಳಿದ್ದಾರೆ. ಅದಕ್ಕೂ ಕೆಳಗೆ ಗ್ರಾಜುಯೇಟ್ ಅಸಿಸ್ಟೆಂಟ್. ಅವನ ಫೀಸ್ ಕಾಲೇಜ್ ಕಟ್ಟುತ್ತದೆ, ಕೈಗೆ ಸ್ವಲ್ಪ ಖರ್ಚಿಗೆ ಸಿಗುತ್ತದೆ, ಬದಲಿಗೆ ಅವನು ರಾತ್ರಿಯಿಡೀ ಎದುರಾಳಿಯ ವಿಡಿಯೋ ಕತ್ತರಿಸಿ ಜೋಡಿಸುತ್ತಾನೆ. ಓರೆಗನ್ ಹೆಡ್ ಕೋಚ್ ಡ್ಯಾನ್ ಲ್ಯಾನಿಂಗ್ ಮಿಸೂರಿಯಲ್ಲಿ ಹೈಸ್ಕೂಲ್ ಕೋಚ್ ಆಗಿದ್ದರು. 2011ರಲ್ಲಿ ಪಿಟ್ಸ್‌ಬರ್ಗ್‌ಗೆ ರಾತ್ರಿ ಕಾರು ಓಡಿಸಿಕೊಂಡು ಹೋಗಿ ಕೆಲಸ ಕೊಡಿ ಅಂತ ಕೇಳಿದವರು. ಆಮೇಲೆ ಸ್ಯಾಮ್ ಹ್ಯೂಸ್ಟನ್ ಸ್ಟೇಟ್‌ನಲ್ಲಿ ಪೂರ್ತಿ ಕೋಚ್ ಆದರು. ಅದಾದ ಮೇಲೆ ಏನು ಮಾಡಿದರು ಗೊತ್ತಾ? 2015ರಲ್ಲಿ ಮತ್ತೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಅಲಬಾಮಾಗೆ ಹೋದರು, ಸೇಬನ್ ಹತ್ತಿರ ಕಲಿಯಬೇಕು ಅಂತ. ಕೆಲಸದಲ್ಲಿ ಕೆಳಗೆ ಇಳಿದರು. ಹೆಂಡತಿ, ಮಕ್ಕಳು ಇದ್ದವರು. ಅಲ್ಲಿಂದ ಮೆಂಫಿಸ್, ಅಲ್ಲಿಂದ ಜಾರ್ಜಿಯಾ, 2021ರ ಡಿಸೆಂಬರ್‌ನಲ್ಲಿ 35ನೇ ವಯಸ್ಸಿಗೆ ಓರೆಗನ್. ಅದರ ಮೇಲೆ, ಓರೆಗನ್ ಕೆಲಸ ಒಪ್ಪಿಕೊಂಡ ಮೇಲೂ ಜಾರ್ಜಿಯಾದ ಡಿಫೆನ್ಸ್ ನಡೆಸಿ ಚಾಂಪಿಯನ್‌ಶಿಪ್ ಗೆದ್ದೇ ಹೊರಟರು.

ಮುಂದೆ ಹೋಗಲು ಹಿಂದೆ ಹೆಜ್ಜೆ ಇಡುವ ಈ ಲೆಕ್ಕಾಚಾರವೇ ನನ್ನನ್ನು ಈ ಕ್ಷೇತ್ರದ ಕಡೆ ಎಳೆದದ್ದು. ಡೈನಸ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ನೀವು ಗಳಿಸಿದ ಅನುಭವದ ಪಾಯಿಂಟ್ ಏರುತ್ತಲೇ ಹೋಗುತ್ತದೆ. ಯಾರ ಕೈಕೆಳಗೆ ಕಲಿತಿರಿ ಅನ್ನೋದಕ್ಕೆ ಬೆಲೆ ಇಲ್ಲ. ಅಮೆರಿಕದಲ್ಲಿ ಕೋಚ್‌ಗಳ ವಂಶವೃಕ್ಷ ಅಂತ ಬರೆದೇ ಇಡುತ್ತಾರೆ, ಯಾರು ಯಾರ ಶಿಷ್ಯ ಅಂತ. ನಮ್ಮ ಸಂಗೀತದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ದಾರಿ ಕರ್ಟ್ ಸಿಗ್ನೆಟಿ ಅವರದ್ದು. ಅಲಬಾಮಾದಲ್ಲಿ ಸೇಬನ್ ಕೈಕೆಳಗೆ ರಿಸೀವರ್‌ಗಳ (ಎಸೆದ ಚೆಂಡು ಹಿಡಿಯುವವರ) ಕೋಚ್. ಚಾಂಪಿಯನ್ ತಂಡ. 2011ರಲ್ಲಿ ಅದನ್ನು ಬಿಟ್ಟು ಪೆನ್ಸಿಲ್ವೇನಿಯಾದ, ಕೆಳಗಿನ ಮಟ್ಟದ ಡಿವಿಷನ್ 2 ಕಾಲೇಜಿಗೆ ಹೆಡ್ ಕೋಚ್ ಆಗಿ ಹೋದರು. ಐವತ್ತರ ಹತ್ತಿರದ ವಯಸ್ಸು. ಆಮೇಲೆ ಈಲಾನ್, ಜೇಮ್ಸ್ ಮ್ಯಾಡಿಸನ್ ಕಾಲೇಜುಗಳು, 2024ಕ್ಕೆ ಇಂಡಿಯಾನಾ. ಸೋಲುವುದಕ್ಕೇ ಹೆಸರಾಗಿದ್ದ ಆ ತಂಡ ಮೊದಲ ವರ್ಷ 11 ಗೆದ್ದಿತು, ಎರಡನೇ ವರ್ಷ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಗೇಮ್‌ನಲ್ಲಿ ಈ ದಾರಿ ಹಿಡಿಯಲು ಆಗಲ್ಲ, ಯಾಕೆಂದರೆ ಅಲ್ಲಿ ಇರುವುದು ಮೇಲಿನ ಮಟ್ಟದ ಕಾಲೇಜುಗಳು ಮಾತ್ರ.

ಎಲ್ಲರಿಗೂ ಹೆಡ್ ಕೋಚ್ ಆಗಲೇಬೇಕಾ? ಗೇಮ್ ಪ್ರಕಾರ ಹೌದು. ಕೋಆರ್ಡಿನೇಟರ್ ಆಗಿಯೇ ಉಳಿದರೆ ಒಂದು ಹಂತದ ಮೇಲೆ ಮಾಡಲು ಹೊಸದೇನೂ ಇರಲ್ಲ. ಇಲ್ಲಿ ನನಗೆ ನೆನಪಾಗುವುದು ಬ್ರಾಯ್ಲ್ಸ್ ಪ್ರಶಸ್ತಿ. 1996ರಿಂದ ದೇಶದ ಅತ್ಯುತ್ತಮ ಅಸಿಸ್ಟೆಂಟ್ ಕೋಚ್‌ಗೆ ಕೊಡುತ್ತಾರೆ. ಗೆದ್ದವರ ಪಟ್ಟಿ ನೋಡಿದರೆ ಇವರ ಭವಿಷ್ಯ ಹೇಳುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. 2019ರಲ್ಲಿ ಗೆದ್ದ ಜೋ ಬ್ರೇಡಿಗೆ ಆಗ 30 ವಯಸ್ಸು. ಎಲ್‌ಎಸ್‌ಯುನಲ್ಲಿ ಒಂದೇ ಸೀಸನ್, ಕ್ವಾರ್ಟರ್‌ಬ್ಯಾಕ್ ಜೋ ಬರೋ ಜೊತೆ ಸೋಲಿಲ್ಲದ ವರ್ಷ. ತಕ್ಷಣ ಎನ್‌ಎಫ್‌ಎಲ್‌ನ ಕ್ಯಾರೊಲಿನಾ ಕರೆಯಿತು, ಎರಡನೇ ಸೀಸನ್ ಮುಗಿಯುವ ಮೊದಲೇ ಕಳಿಸಿಬಿಟ್ಟಿತು. ಆಮೇಲೆ ಎನ್‌ಎಫ್‌ಎಲ್‌ನದೇ ಬಫಲೊದಲ್ಲಿ ಕೆಳಗಿಂದ ಮತ್ತೆ ಏರಿ ಬಂದರು. 2021ರಲ್ಲಿ ಮಿಷಿಗನ್‌ನಲ್ಲಿ ಗೆದ್ದ ಜಾಶ್ ಗ್ಯಾಟಿಸ್ ಮಯಾಮಿಗೆ ಹೋದರು, ಒಂದೇ ಸೀಸನ್‌ಗೆ ಕೆಲಸ ಹೋಯಿತು. 2023ರಲ್ಲಿ ಗೆದ್ದವರು ಫಿಲ್ ಪಾರ್ಕರ್. 1999ರಿಂದ ಅಯೋವಾದಲ್ಲೇ ಇದ್ದಾರೆ, 2012ರಿಂದ ಡಿಫೆನ್ಸ್ ಕೋಆರ್ಡಿನೇಟರ್. ಅಯೋವಾದ ಅಫೆನ್ಸ್ ಬಗ್ಗೆ ಜನ ಜೋಕ್ ಮಾಡಿ ಮಾಡಿ ಸುಸ್ತಾಗಿದ್ದಾರೆ, ಆದರೆ ಪಾರ್ಕರ್ ಡಿಫೆನ್ಸ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ಕೋಚ್ ಗೌಡ ಪಾರ್ಕರ್ ಆಗಬೇಕು ಅಂದರೆ ಗೇಮ್ ಅದನ್ನು ಗೆಲುವು ಅಂತ ಒಪ್ಪಲ್ಲ. ನನ್ನ ಪ್ರಕಾರ ಮೂವರಲ್ಲಿ ಹೆಚ್ಚು ನೆಮ್ಮದಿಯಾಗಿ ನಿದ್ದೆ ಮಾಡಿದವರು ಪಾರ್ಕರ್ ಇರಬೇಕು.

ಹಣದ ವಿಚಾರ ಬೇಗ ಮುಗಿಸುತ್ತೇನೆ. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್. ಈಗ ರಿಕ್ರೂಟಿಂಗ್ ಅಂದರೆ ಮೊದಲು ಅದರದ್ದೇ ಮಾತು. ಡೈನಸ್ಟಿಯಲ್ಲಿ ದುಡ್ಡಿನ ಸುದ್ದಿಯೇ ಇಲ್ಲ, ಹುಡುಗರು ಬರೀ ಪ್ರೀತಿಯಿಂದ ಬರುತ್ತಾರೆ. ಬಿಟ್ಟು ಹೋಗುವ ಹುಡುಗರ ವಿಚಾರ ಮಾತ್ರ ಇದೆ, ಅದು ಚೆನ್ನಾಗಿದೆ. ಹುಡುಗನಿಗೆ ಮುಖ್ಯವಾದ ಒಂದು ವಿಷಯದಲ್ಲಿ ನಿಮ್ಮ ಗ್ರೇಡ್ ಬಿದ್ದರೆ ಅವನು ಬೇರೆ ಕಾಲೇಜಿಗೆ ಹೊರಟುಬಿಡುತ್ತಾನೆ. ಕಷ್ಟಪಟ್ಟು ಬೆಳೆಸಿದ ಕ್ವಾರ್ಟರ್‌ಬ್ಯಾಕ್ ಹೊರಟಾಗ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಯಾರೂ ಈ ಗೇಮ್ ವಿಮರ್ಶೆಯಲ್ಲಿ ಎತ್ತುವುದಿಲ್ಲ. ಗೇಮ್‌ನಲ್ಲಿ ಕೋಚ್ ಗೌಡನ ಬಣ್ಣ, ಹೆಸರು ನೋಡಿ ಯಾರೂ ಏನೂ ಅನ್ನಲ್ಲ. ನಿಜದಲ್ಲಿ ಮೈದಾನದಲ್ಲಿ ಆಡುವ ಕಪ್ಪು ಹುಡುಗರಿಗೆ ಹೋಲಿಸಿದರೆ ಕಪ್ಪು ಹೆಡ್ ಕೋಚ್‌ಗಳು ತೀರಾ ಕಡಿಮೆ. ನೋಟರ್ ಡೇಮ್‌ನ ಮಾರ್ಕಸ್ ಫ್ರೀಮನ್ ಬರೀ ಒಂದು ಸೀಸನ್ ಅಲ್ಲಿ ಡಿಫೆನ್ಸ್ ಕೋಆರ್ಡಿನೇಟರ್ ಆಗಿದ್ದರು. 2021ರಲ್ಲಿ ಬಾಸ್ ಬ್ರಯನ್ ಕೆಲಿ ಎಲ್‌ಎಸ್‌ಯುಗೆ ಹೊರಟಾಗ 35ರ ಇವರಿಗೆ ಕೆಲಸ ಕೊಟ್ಟರು. 2025ರ ಜನವರಿಯಲ್ಲಿ ತಂಡವನ್ನು ಫೈನಲ್‌ಗೆ ತಂದರು. ಆ ಫೈನಲ್‌ವರೆಗೂ ತಂಡ ತಂದ ಮೊದಲ ಕಪ್ಪು ಹೆಡ್ ಕೋಚ್ ಅವರೇ, ತಾಯಿ ಕೊರಿಯಾದವರಾದ್ದರಿಂದ ಏಷ್ಯಾ ಮೂಲದ ಮೊದಲಿಗರೂ ಹೌದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಯಾರಿಗಾದರೂ ಈ ಹುಚ್ಚು ಹಿಡಿದಿದ್ದರೆ ಈ ಹೆಸರು ಹೇಳಿ.

ಅಂದಹಾಗೆ ಯುವ ಕೋಚ್‌ಗಳಲ್ಲಿ ನನಗೆ ಅಚ್ಚುಮೆಚ್ಚು ಕೆನಿ ಡಿಲಿಂಗ್‌ಹ್ಯಾಮ್. ಹೈಸ್ಕೂಲ್‌ನಲ್ಲೇ ಮೊಣಕಾಲು ಹೋಗಿ ಆಟ ಮುಗಿಯಿತು, ತಕ್ಷಣ ಕೋಚಿಂಗ್ ಹಿಡಿದರು. ಮೆಂಫಿಸ್, ಆಬರ್ನ್, ಫ್ಲೋರಿಡಾ ಸ್ಟೇಟ್, ಓರೆಗನ್ ಎಲ್ಲ ಸುತ್ತಿ 2022ರಲ್ಲಿ 32ಕ್ಕೆ ತಮ್ಮದೇ ಕಾಲೇಜ್ ಅರಿಜೋನಾ ಸ್ಟೇಟ್‌ಗೆ ಹೆಡ್ ಕೋಚ್ ಆಗಿ ಬಂದರು. ಮೊದಲ ವರ್ಷ ಮೂರೇ ಗೆಲುವು. ಎರಡನೇ ವರ್ಷ ಬಿಗ್ 12 ಅನ್ನೋ ಕಾಲೇಜ್‌ಗಳ ಗುಂಪಿನ ಚಾಂಪಿಯನ್. ಡೈನಸ್ಟಿ ಮೋಡ್ ಚೆನ್ನಾಗಿ ಕಟ್ಟಿಕೊಡುವುದು ಈ ಒಂದು ಬಗೆಯ ಕಥೆಯನ್ನು, ಏರುತ್ತಾ ಏರುತ್ತಾ ಊರಿಗೆ ವಾಪಸ್ ಬರುವ ಕಥೆಯನ್ನು. ಅದನ್ನು ಆಡುವಾಗ ಸಿಗುವ ಮಜಾ ಸುಳ್ಳಲ್ಲ.

ಹಾಗಾದರೆ ತಗೊಳ್ಳಬೇಕಾ? 2025ರಲ್ಲಿ ಬಂದಾಗ ಬೆಲೆ ಸುಮಾರು 70 ಡಾಲರ್ ಇತ್ತು. ಡೀಲಕ್ಸ್ ಆಗ 100 ಡಾಲರ್, ಡೈನಸ್ಟಿ ಆಡುವವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ, ಬೇಡ. 25 ಮತ್ತು 26ರ ನಡುವೆ ಅಸಿಸ್ಟೆಂಟ್ ಆಗಿ ಆಡುವವರಿಗೆ ಇರುವ ದೊಡ್ಡ ವ್ಯತ್ಯಾಸ ಒಂದೇ. 25ರಲ್ಲಿ ಕೋಚ್‌ಗಳೆಲ್ಲ ಕಟ್ಟುಕಥೆಯ ಹೆಸರುಗಳು. 26ರಲ್ಲಿ 300ಕ್ಕೂ ಹೆಚ್ಚು ನಿಜವಾದ ಹೆಡ್ ಕೋಚ್, ಕೋಆರ್ಡಿನೇಟರ್‌ಗಳಿದ್ದಾರೆ. ಎಲ್ಲರೂ ಇಲ್ಲ, ಹೆಸರಾಂತ ಕೋಚ್ ಬಿಲ್ ಬೆಲಿಚಿಕ್ ಇಲ್ಲ. ಕ್ಯಾರೊಸೆಲ್ ತಿರುಗುವಾಗ ಗೊತ್ತಿರುವ ಹೆಸರುಗಳು ಊರೂರು ಬದಲಾಯಿಸುವುದನ್ನು ನೋಡುವುದಕ್ಕೇ ನಾನು 26 ಅಂತೀನಿ. ಅದು ಮುಖ್ಯ ಅಲ್ಲ ಅಂದರೆ 25 ಅಗ್ಗಕ್ಕೆ ಸಿಕ್ಕಾಗ ತಗೊಂಡು ಆಡಿ. ಒಂದು ಡೈನಸ್ಟಿ 30 ಸೀಸನ್‌ವರೆಗೂ ಹೋಗುತ್ತದೆ, ಆನ್‌ಲೈನ್‌ನಲ್ಲಿ 32 ಜನ ಸೇರಬಹುದು. ಗೆಳೆಯರು ಇದ್ದರೆ ಅದರಲ್ಲೇ ಹೆಚ್ಚು ಮಜಾ, ಎಲ್ಲರೂ ಕೋಆರ್ಡಿನೇಟರ್ ಆಗಿಯೇ ಶುರು ಮಾಡಬೇಕು ಅಂತ ಮೊದಲೇ ನಿಯಮ ಮಾಡಿಕೊಳ್ಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೆಡ್ ಕೋಚ್ ಆಗಿ ಆಡುವವರಿಗೆ ನಾಲ್ಕೂವರೆ. ಮುಂದಿನ ಆವೃತ್ತಿಯಲ್ಲಿ ಒಂದೇ ಒಂದು ಬಟನ್ ಸೇರಿಸಿದರೆ ಸಾಕು: ನಿಮ್ಮ ಹೆಡ್ ಕೋಚ್ ಬೇರೆ ಕಾಲೇಜಿಗೆ ಹೊರಟಿದ್ದಾರೆ, ಜೊತೆಗೆ ಹೋಗ್ತೀರಾ, ಇಲ್ಲೇ ಇರ್ತೀರಾ? ಆಮೇಲೆ ಅರ್ಧ ಅಂಕ ಹೆಚ್ಚಿಗೆ ಕೊಡುವ ಬಗ್ಗೆ ಮಾತಾಡೋಣ.